ಮಣ್ಣು ಬದಲಾದರೂ

ಬೇಸಿಗೆಯಲ್ಲಿ ಆಲಮಟ್ಟಿಯ ಹಿನ್ನೀರು ಇಳಿದಾಗ ಕೃಷ್ಣೆಯ ದಂಡೆಯಲ್ಲಿ ಹಳೆಯ ಊರುಗಳ ಗುರುತುಗಳು ಒಂದೊಂದಾಗಿ ಮೇಲೇಳುತ್ತವೆ. ಒಂದು ಗುಡಿಯ ಕಟ್ಟೆ, ಒಂದು ಬಾವಿಯ ಬಾಯಿ, ಯಾರದೋ ಮನೆಯ ಗೋಡೆಯ ಬುಡ. ಮಳೆಗಾಲದಲ್ಲಿ ನದಿಗೆ ಹೊಸ ನೀರು ಬಂದೊಡನೆ ಅವು ಮತ್ತೆ ಮರೆಯಾಗುತ್ತವೆ. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟು ಬರದ ನಾಡಿಗೆ ನೀರನ್ನು ತಂದಿತು. ಅದೇ ನೀರು ಅನೇಕ ಊರುಗಳನ್ನು ತನ್ನ ಒಡಲಲ್ಲಿ ಇರಿಸಿಕೊಂಡಿತು. ಇವೆರಡನ್ನೂ ಒಟ್ಟಿಗೆ ನೆನೆಯದೆ ನದಿಯನ್ನು ನೋಡುವುದು ಈ ಸೀಮೆಯವರಿಗೆ ಸಾಧ್ಯವಿಲ್ಲ.

ಕೆಲವು ವರ್ಷಗಳ ಹಿಂದೆ, ಹಳ್ಳಿಯ ಕಸುಬುಗಳ ಪದಗಳನ್ನು ಸಂಗ್ರಹಿಸುವ ಉದ್ದೇಶದಿಂದ, ನಾನು ನನ್ನ ವಿದ್ಯಾರ್ಥಿಗಳೊಡನೆ ಆಲಮಟ್ಟಿಯ ಸಮೀಪದ ಒಂದು ಪುನರ್ವಸತಿ ಗ್ರಾಮಕ್ಕೆ ಹೋಗಿದ್ದೆ. ಅಲ್ಲಿ ನಮಗೆ ದೊರೆತವರು ಎಂಬತ್ತರ ಗಡಿಯನ್ನು ದಾಟಿದ ಒಬ್ಬ ಕುಂಬಾರರು. ಹುಡುಗರು ಅವರನ್ನು ಮುತ್ಯಾ ಎಂದೇ ಕರೆದರು. ತಿಗರಿ, ಆವಿಗೆ, ಹರವಿ, ಮಗಿ, ಬೋಗುಣಿ ಎಂದು ಮುತ್ಯಾ ಹೇಳುತ್ತ ಹೋದಂತೆ ನಮ್ಮ ಟಿಪ್ಪಣಿ ಪುಸ್ತಕಗಳು ತುಂಬಿದವು. ಆದರೆ ಮನೆಯ ಮೂಲೆಯಲ್ಲಿ ಅವರ ತಿಗರಿ ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಧೂಳು ಕುಳಿತಿತ್ತು. ಮುಳುಗಿದ ಊರಿನಿಂದ ಅದನ್ನು ಚಕ್ಕಡಿಯಲ್ಲಿ ಹೇರಿಕೊಂಡು ತಂದವರು ಇಲ್ಲಿ ಏಕೆ ತಿರುಗಿಸಲಿಲ್ಲವೆಂದು ಕೇಳಿದೆ. ಹಳೆಯ ಊರಿನ ಕೆರೆಯ ಮಣ್ಣನ್ನು ಕತ್ತಲೆಯಲ್ಲಿಯೂ ಬೆರಳಿನಿಂದ ಗುರುತಿಸಬಲ್ಲೆನೆಂದೂ, ಇಲ್ಲಿಯ ಮಣ್ಣು ತಮ್ಮ ಮಾತನ್ನು ಕೇಳುವುದಿಲ್ಲವೆಂದೂ ಅವರು ಹೇಳಿದರು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕಸುಬು ಇರುವುದು ಮಣ್ಣಿನಲ್ಲಿಯೋ, ಕೈಯಲ್ಲಿಯೋ? ಬೇರು ಕಿತ್ತ ಮನುಷ್ಯ ತಾನು ಬಲ್ಲ ವಿದ್ಯೆಯನ್ನು ಇನ್ನೊಂದು ನೆಲದಲ್ಲಿ ಊರಬಲ್ಲನೋ? ಈ ಪ್ರಶ್ನೆಯನ್ನು ಹೊತ್ತುಕೊಂಡಿದ್ದ ಸಮಯದಲ್ಲಿಯೇ, ಕುಂಬಾರಿಕೆಯ ವಿನ್ಯಾಸವನ್ನು ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದವನು ಒಬ್ಬ ಜರ್ಮನ್ ಕುಂಬಾರ್ತಿಯ ಬಗೆಗಿನ ಪುಸ್ತಕವನ್ನು ನನ್ನ ಕೈಯಲ್ಲಿಟ್ಟ. ಮಾರ್ಗರೀಟ್ ವಿಲ್ಡನ್‌ಹೈನ್ ಎಂಬ ಆ ಮಹಿಳೆಯ ಹೆಸರು ಜಗತ್ತಿನ ಕುಂಬಾರರಿಗೆ ಸುಪರಿಚಿತ. ಕನ್ನಡದ ವಾಚಕರಿಗೆ ಅಷ್ಟಾಗಿ ಪರಿಚಯವಿಲ್ಲ. ಎರಡು ಸಲ ನೆಲೆ ಕಳೆದುಕೊಂಡು, ಮೂರನೆಯ ನೆಲದಲ್ಲಿ ತಿಗರಿಯನ್ನು ಹೂಡಿದ ಆಕೆಯ ಬಾಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮಾರ್ಗರೀಟ್ ಫ್ರೀಡ್‌ಲೆಂಡರ್ ಹುಟ್ಟಿದ್ದು ೧೮೯೬ರಲ್ಲಿ, ಫ್ರಾನ್ಸಿನ ಲಿಯೋನ್ ನಗರದಲ್ಲಿ. ತಂದೆ ರೇಷ್ಮೆಯ ವ್ಯಾಪಾರಿ, ಜರ್ಮನಿಯವನು, ತಾಯಿ ಇಂಗ್ಲೆಂಡಿನವಳು. ಮನೆತನ ಯಹೂದಿ ಮೂಲದ್ದು. ಮನೆಯಲ್ಲಿ ಮೂರು ನಾಡುಗಳ ಗಾಳಿ ಬೀಸುತ್ತಿದ್ದುದರಿಂದ ಯಾವ ಒಂದು ನೆಲವೂ ಆಕೆಗೆ ಪೂರ್ತಿಯಾಗಿ ತನ್ನದೆನಿಸಲಿಲ್ಲವೋ, ಅಥವಾ ಎಲ್ಲ ನೆಲವೂ ತನ್ನದೆನಿಸಿತೋ, ಹೇಳುವುದು ಕಷ್ಟ. ಬರ್ಲಿನ್ನಿನಲ್ಲಿ ಆಕೆ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದಳು. ಬಳಿಕ ತುರಿಂಗಿಯಾ ಪ್ರಾಂತದ ರುಡೋಲ್‌ಸ್ಟಾಟಿನ ಪಿಂಗಾಣಿ ಕಾರ್ಖಾನೆಯಲ್ಲಿ ಪಾತ್ರೆಗಳ ಮೇಲಿನ ಅಲಂಕಾರಕ್ಕೆ ನಕ್ಷೆಗಳನ್ನು ಬರೆಯುವ ಕೆಲಸಕ್ಕೆ ಸೇರಿದಳು. ಪಾತ್ರೆಯನ್ನು ಯಾರೋ ಮಾಡುತ್ತಿದ್ದರು. ಅದರ ಮೈಮೇಲೆ ಹೂಬಳ್ಳಿಯನ್ನು ಇನ್ನು ಯಾರೋ ಬರೆಯುತ್ತಿದ್ದರು. ಮಾಡುವ ಕೈ ಒಂದು, ಸಿಂಗರಿಸುವ ಕೈ ಇನ್ನೊಂದು. ಈ ಒಡಕು ಆಕೆಯ ಮನಸ್ಸಿಗೆ ಒಗ್ಗಲಿಲ್ಲ. ತಾನೇ ಮಣ್ಣಿಗೆ ಕೈಹಚ್ಚಬೇಕೆಂಬ ಹಂಬಲ ಅಲ್ಲಿಯೇ ಮೊಳೆಯಿತು.

ಮೊದಲನೆಯ ಮಹಾಯುದ್ಧ ಮುಗಿದು ಜರ್ಮನಿ ಸೋತು ಸೊರಗಿದ್ದ ಕಾಲವದು. ೧೯೧೯ರಲ್ಲಿ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ ಬೌಹೌಸ್ ಎಂಬ ಹೊಸ ಬಗೆಯ ವಿದ್ಯಾಲಯವನ್ನು ಸ್ಥಾಪಿಸಿದ. ಕಲಾವಿದನಿಗೂ ಕಸುಬುಗಾರನಿಗೂ ನಡುವೆ ಎದ್ದಿರುವ ಗೋಡೆ ಬೀಳಬೇಕು, ಎಲ್ಲ ಕಲೆಯೂ ಮೊದಲು ಕೈಗೆಲಸವಾಗಬೇಕು ಎಂಬುದು ಆತನ ಘೋಷಣೆಯ ಸಾರ. ವಾರದ ಕೊನೆಯಲ್ಲಿ ವೈಮಾರಿಗೆ ಹೋಗಿದ್ದ ಮಾರ್ಗರೀಟ್ ಆ ಘೋಷಣೆಯನ್ನು ಓದಿ, ಅಲ್ಲಿಯೇ ಕಲಿಯುವುದಾಗಿ ನಿಶ್ಚಯಿಸಿದಳು. ಹನ್ನೆರಡನೆಯ ಶತಮಾನದಲ್ಲಿಯೇ ಕಾಯಕದ ಹಿರಿಮೆಯನ್ನು ಸಾರಿದ ಬಸವಣ್ಣನವರ ಹುಟ್ಟೂರಿನ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವಾಗ, ಕುಂಬಾರ ಗುಂಡಯ್ಯನನ್ನು ನೆನೆಯದಿರಲಾರೆ. ಗುಂಡಯ್ಯ ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಕುಣಿದನೆಂದು ಹರಿಹರ ತನ್ನ ರಗಳೆಯಲ್ಲಿ ಹಾಡಿದ್ದಾನೆ. ಕೈಗೆಲಸವೇ ಪೂಜೆಯಾದ ಆ ಕಥೆಗೂ ವೈಮಾರಿನ ಘೋಷಣೆಗೂ ನೇರ ಸಂಬಂಧವಿಲ್ಲ. ಆದರೆ ದುಡಿಯುವ ಕೈಯನ್ನು ಕೀಳೆಂದು ಬಗೆದ ಸಮಾಜ ತನ್ನನ್ನು ತಾನೇ ಕೀಳು ಮಾಡಿಕೊಳ್ಳುತ್ತದೆ ಎಂಬ ಅರಿವು ಎರಡರಲ್ಲಿಯೂ ಇದೆ.

ಬೌಹೌಸಿನ ಕುಂಬಾರಿಕೆಯ ಶಾಲೆ ವೈಮಾರಿನಲ್ಲಿ ಇರಲಿಲ್ಲ. ಅಲ್ಲಿಂದ ಕೆಲವು ಹರದಾರಿಗಳ ದೂರದಲ್ಲಿ, ಝಾಲೆ ನದಿಯ ಕಣಿವೆಯ ಮೇಲಿರುವ ಡೋರ್ನ್‌ಬುರ್ಗ್ ಎಂಬಲ್ಲಿ, ಅರಮನೆಯ ಹಳೆಯ ಕುದುರೆಲಾಯದಲ್ಲಿ ಅದನ್ನು ೧೯೨೦ರಲ್ಲಿ ತೆರೆದರು. ಕವಿ ಗಯಟೆ ತನ್ನ ಮುಪ್ಪಿನ ಕಾಲದಲ್ಲಿ ಕೆಲವು ವಾರ ತಂಗಿದ್ದ ಅರಮನೆಗಳು ಇರುವ ಊರದು. ಬೌಹೌಸಿನ ಪದ್ಧತಿಯಂತೆ ಅಲ್ಲಿ ಇಬ್ಬರು ಗುರುಗಳು. ರೂಪವನ್ನು ಕಲಿಸಲು ಗೇರ್‌ಹಾರ್ಟ್ ಮಾರ್ಕ್ಸ್ ಎಂಬ ಶಿಲ್ಪಿ. ಕೈಗೆಲಸವನ್ನು ಕಲಿಸಲು ಮ್ಯಾಕ್ಸ್ ಕ್ರೇಹಾನ್. ಈ ಕ್ರೇಹಾನ್ ತಲೆತಲಾಂತರದಿಂದ ಮಣ್ಣನ್ನೇ ನಂಬಿ ಬಾಳಿದ ಕುಂಬಾರ ಮನೆತನದವನು. ಒಬ್ಬ ನಗರದ ಕಲಾವಿದ, ಇನ್ನೊಬ್ಬ ಹಳ್ಳಿಯ ಕುಂಬಾರ. ಇಬ್ಬರೂ ಸಮಾನ ಗುರುಗಳು. ಅಂದಿನ ಯುರೋಪಿನಲ್ಲಿಯೂ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಬೌಹೌಸಿಗೆ ಬಂದ ಹೆಣ್ಣುಮಕ್ಕಳಲ್ಲಿ ಬಹುಮಂದಿಯನ್ನು ನೇಯ್ಗೆಯ ಶಾಲೆಗೆ ಕಳುಹಿಸುವುದು ವಾಡಿಕೆಯಾಗಿತ್ತು. ಮಾರ್ಗರೀಟ್ ಹಟ ಹಿಡಿದು ತಿಗರಿಯ ಮುಂದೆ ಕುಳಿತಳು. ಡೋರ್ನ್‌ಬುರ್ಗಿನ ಜೀವನ ಕಠಿಣವಾಗಿತ್ತು. ಹಣದುಬ್ಬರದಿಂದ ಜರ್ಮನಿಯ ನಾಣ್ಯ ಬೆಲೆಯಿಲ್ಲದ ಕಾಗದವಾಗಿದ್ದ ಆ ವರ್ಷಗಳಲ್ಲಿ ವಿದ್ಯಾರ್ಥಿಗಳೇ ಸೌದೆ ಕಡಿದು, ತರಕಾರಿ ಬೆಳೆದು, ಮಣ್ಣು ಹದಮಾಡಿ, ಆವಿಗೆಯನ್ನು ಉರಿಸಬೇಕಾಗಿತ್ತು. ಕ್ರೇಹಾನ್ ಹೆಚ್ಚು ಮಾತಿನವನಲ್ಲ. ತಿಗರಿಯ ನಡುವಿಗೆ ಮಣ್ಣಿನ ಮುದ್ದೆಯನ್ನು ಅಲುಗದಂತೆ ತರುವುದು ಮೊದಲ ಪಾಠ. ಈ ಒಂದು ಕೆಲಸವೇ ತಿಂಗಳುಗಳನ್ನು ತೆಗೆದುಕೊಳ್ಳುತ್ತದೆ. ಮುದ್ದೆ ನಡುವಿಗೆ ಬರದಿದ್ದರೆ ಗೋಡೆ ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ತೆಳುವು. ಒಣಗುವಾಗ ಸೀಳುತ್ತದೆ, ಬೆಂಕಿಯಲ್ಲಿ ಒಡೆಯುತ್ತದೆ. ಮಣ್ಣಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದನ್ನು ಆಕೆ ಅಲ್ಲಿ ಕಲಿತಳು.

ಆಕೆಯ ಸಹಪಾಠಿಗಳಾದ ಓಟೋ ಲಿಂಡಿಗ್ ಮತ್ತು ಟೇಯೋಡೋರ್ ಬೋಗ್ಲರ್ ಇಬ್ಬರೂ ಮುಂದೆ ಹೆಸರಾದರು. ಕೈಯಿಂದ ತಿಗರಿಯ ಮೇಲೆ ಎತ್ತಿದ ರೂಪವನ್ನು ಅಚ್ಚಿಗೆ ಅಳವಡಿಸಿ, ಒಂದೇ ಬಗೆಯ ಪಾತ್ರೆಯನ್ನು ಸಾವಿರಗಟ್ಟಲೆ ಮಾಡಿ, ಬಡವನ ಮನೆಗೂ ಒಳ್ಳೆಯ ಹೂಜಿಯನ್ನು ತಲಪಿಸಲು ಸಾಧ್ಯವೇ ಎಂದು ಅವರು ಪ್ರಯೋಗ ನಡೆಸಿದರು. ಇಂದು ನಾವು ಆಧುನಿಕ ವಿನ್ಯಾಸವೆಂದು ಕರೆಯುವುದು ಈ ಪ್ರಶ್ನೆಯಿಂದ ಹುಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು. ಹೂಬಳ್ಳಿಯನ್ನು ಬಿಟ್ಟದ್ದು ಬಡತನದಿಂದಲ್ಲ, ಒಣ ತತ್ತ್ವದಿಂದಲೂ ಅಲ್ಲ. ಪಾತ್ರೆಯ ಚೆಲುವು ಅದರ ಹೊಟ್ಟೆಯ ಉಬ್ಬಿನಲ್ಲಿ, ಕತ್ತಿನ ಇಳಿತದಲ್ಲಿ, ಹಿಡಿಯ ಸ್ಥಾನದಲ್ಲಿಯೇ ಇರಬೇಕೆಂಬ ನಂಬಿಕೆಯಿಂದ. ನಮ್ಮ ಹಳ್ಳಿಯ ನೀರಿನ ಹರವಿಯನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೨೫ರಲ್ಲಿ ರಾಜಕೀಯದ ಒತ್ತಡದಿಂದ ಬೌಹೌಸ್ ವೈಮಾರನ್ನು ಬಿಟ್ಟು ಡೆಸಾವ್ ನಗರಕ್ಕೆ ಹೋಯಿತು. ಅಲ್ಲಿ ಕುಂಬಾರಿಕೆಯ ಶಾಲೆಗೆ ಎಡೆಯಿರಲಿಲ್ಲ. ಅದೇ ವರ್ಷ ಕ್ರೇಹಾನ್ ತೀರಿಕೊಂಡ. ಮಾರ್ಗರೀಟ್ ತನ್ನ ಗುರು ಮಾರ್ಕ್ಸ್‌ನ ಹಿಂದೆ ಹಾಲೆ ನಗರದ ಬುರ್ಗ್ ಗೀಬಿಖೆನ್‌ಸ್ಟೈನ್ ಎಂಬ ಕಲಾಶಾಲೆಗೆ ಹೋಗಿ, ಅಲ್ಲಿಯ ಕುಂಬಾರಿಕೆ ವಿಭಾಗದ ಹೊಣೆಯನ್ನು ಹೊತ್ತಳು. ೧೯೨೬ರಲ್ಲಿ ಪರೀಕ್ಷೆ ಕೊಟ್ಟು ಮಾಸ್ಟರ್ ಕುಂಬಾರಳೆಂಬ ಪದವಿಯನ್ನು ಪಡೆದಳು. ಜರ್ಮನಿಯಲ್ಲಿ ಈ ಪದವಿಯನ್ನು ಗಳಿಸಿದ ಮೊದಲ ಮಹಿಳೆಯೆಂದು ಆಕೆಯನ್ನು ಗುರುತಿಸುತ್ತಾರೆ.

೧೭೬೩ರಲ್ಲಿ ಪ್ರಶಿಯಾದ ಅರಸ ಫ್ರೆಡರಿಕ್ ತನ್ನದಾಗಿಸಿಕೊಂಡ ಬರ್ಲಿನ್ನಿನ ಪಿಂಗಾಣಿ ಕಾರ್ಖಾನೆ ಆ ವೇಳೆಗೆ ಸರ್ಕಾರದ ಸಂಸ್ಥೆಯಾಗಿತ್ತು. ಅದಕ್ಕಾಗಿ ಮಾರ್ಗರೀಟ್ ೧೯೩೦ರ ಸುಮಾರಿನಲ್ಲಿ ಚಹದ ಮತ್ತು ಊಟದ ಪಾತ್ರೆಗಳನ್ನು ವಿನ್ಯಾಸಗೊಳಿಸಿದಳು. ಅವುಗಳಲ್ಲಿ ಒಂದು ಸಾಲು ಹಾಲೆ ನಗರದ ಹೆಸರನ್ನೂ, ಇನ್ನೊಂದು ಆಕೆಯ ಶಾಲೆಯ ಹೆಸರನ್ನೂ ಪಡೆದವು. ಅರಸರ ಮೇಜಿಗಾಗಿ ಚಿನ್ನದ ಬಳ್ಳಿಗಳನ್ನು ಬರೆಯುತ್ತಿದ್ದ ಕಾರ್ಖಾನೆಯಿಂದ ಈಗ ಬಿಳಿಯ, ನಿರಾಡಂಬರವಾದ ಪಾತ್ರೆಗಳು ಹೊರಬಂದವು. ತಳದಿಂದ ಬಾಯಿಯವರೆಗೆ ಎಲ್ಲಿಯೂ ಮುರಿಯದ ಒಂದೇ ಗೆರೆ. ಚಹ ಬಗ್ಗಿಸುವಾಗ ಬೆರಳಿಗೆ ತಾನಾಗಿ ಒದಗುವ ಹಿಡಿ. ರುಡೋಲ್‌ಸ್ಟಾಟಿನಲ್ಲಿ ಇನ್ನೊಬ್ಬರ ಪಾತ್ರೆಯ ಮೇಲೆ ಹೂ ಬರೆಯುತ್ತಿದ್ದ ಹುಡುಗಿ ಹೂವಿನ ಹಂಗಿಲ್ಲದ ಪಾತ್ರೆಯನ್ನು ತಾನೇ ರೂಪಿಸಿದ್ದಳು. ಅದೇ ೧೯೩೦ರಲ್ಲಿ, ತನಗಿಂತ ಒಂಬತ್ತು ವರ್ಷ ಕಿರಿಯನಾದ, ತನ್ನ ವಿದ್ಯಾರ್ಥಿಯೂ ಆಗಿದ್ದ ಫ್ರಾನ್ಜ್ ವಿಲ್ಡನ್‌ಹೈನನನ್ನು ಆಕೆ ಮದುವೆಯಾದಳು.

ಇಷ್ಟಾಗುವಾಗ ೧೯೩೩ ಬಂದಿತು. ಹಿಟ್ಲರನ ಕೈಗೆ ಅಧಿಕಾರ ಸಿಕ್ಕ ಕೆಲವೇ ತಿಂಗಳುಗಳಲ್ಲಿ, ಯಹೂದಿ ಮೂಲದವಳೆಂಬ ಒಂದೇ ಕಾರಣದಿಂದ, ಮಾರ್ಗರೀಟ್ ತನ್ನ ಹುದ್ದೆಯನ್ನು ಕಳೆದುಕೊಂಡಳು. ಆಕೆಯ ಕೈ ನಿನ್ನೆ ಇದ್ದಂತೆಯೇ ಇತ್ತು. ಪಾತ್ರೆಗಳೂ ನಿನ್ನೆ ಇದ್ದಂತೆಯೇ ಇದ್ದವು. ಬದಲಾದದ್ದು ಆಕೆ ನಿಂತ ನೆಲ ಮಾತ್ರ. ಗಂಡಹೆಂಡಿರು ನೆರೆಯ ನೆದರ್ಲೆಂಡ್ಸಿಗೆ ಹೋಗಿ, ಪುಟೆನ್ ಎಂಬ ಹಳ್ಳಿಯಲ್ಲಿ ಪುಟ್ಟ ಹೂಜಿ ಎಂದು ಅರ್ಥ ಬರುವ ಹೆಸರನ್ನಿಟ್ಟು ಒಂದು ಕುಂಬಾರಶಾಲೆಯನ್ನು ತೆರೆದರು. ಗುರುವಿಲ್ಲ, ಶಾಲೆಯಿಲ್ಲ, ಸರ್ಕಾರದ ಕಾರ್ಖಾನೆಯಿಲ್ಲ. ದಿನಬಳಕೆಯ ಪಾತ್ರೆಗಳನ್ನು ಮಾಡಿ ಮಾರಿ ಏಳು ವರ್ಷ ಬದುಕಿದರು.

ಆಕೆಯ ಓರಗೆಯವರ ಗತಿಯೂ ಬಗೆಬಗೆಯಾಯಿತು. ಮಾರ್ವಿಟ್ಸಿನಲ್ಲಿ ದೊಡ್ಡ ಕಾರ್ಖಾನೆಯನ್ನು ನಡೆಸುತ್ತಿದ್ದ ಮಾರ್ಗರೆಟೆ ಹೇಮನ್ ಎಂಬ ಯಹೂದಿ ಮಹಿಳೆ ೧೯೩೪ರಲ್ಲಿ ಅದನ್ನು ಮಾರಿ, ಮುಂದೆ ಇಂಗ್ಲೆಂಡಿಗೆ ಹೋಗಬೇಕಾಯಿತು. ಅದೇ ಜಾಗದಲ್ಲಿ ಹೆಡ್ವಿಗ್ ಬೊಲ್‌ಹಾಗೆನ್ ತನ್ನ ಕುಂಬಾರಶಾಲೆಯನ್ನು ಕಟ್ಟಿ, ಯುದ್ಧಾನಂತರದ ಪೂರ್ವ ಜರ್ಮನಿಯಲ್ಲಿ ಮನೆಮಾತಾದಳು. ಲಿಂಡಿಗ್ ಡೋರ್ನ್‌ಬುರ್ಗಿನಲ್ಲಿಯೇ ಉಳಿದು ೧೯೪೭ರಲ್ಲಿ ಹ್ಯಾಂಬರ್ಗಿಗೆ ಅಧ್ಯಾಪಕನಾಗಿ ಹೋದ. ಬೋಗ್ಲರ್ ಮಠ ಸೇರಿ ಸಂನ್ಯಾಸಿಯಾದ. ಯಾನ್ ಬೋಂಟ್ಯೆಸ್ ಫಾನ್ ಬೇಕ್ ಎಂಬ ಕುಂಬಾರನ ಮಗಳು ಕಾಟೋ ಹಿಟ್ಲರನನ್ನು ಎದುರಿಸಿದ ಅಪರಾಧಕ್ಕಾಗಿ ೧೯೪೩ರಲ್ಲಿ ಪ್ರಾಣದಂಡನೆಗೆ ಗುರಿಯಾದಳು. ಯುದ್ಧದ ತರುವಾಯ, ೧೯೫೦ರ ದಶಕದಲ್ಲಿ, ಜರ್ಮನಿಯ ಕಲಾಕುಂಬಾರಿಕೆ ಮತ್ತೆ ತಲೆಯೆತ್ತಿದಾಗ ಅದರ ಹಿಂದೆ ಇಂತಹ ಬಾಳುಗಳಿದ್ದವು. ಆ ಪಾತ್ರೆಗಳ ಸರಳತೆಯನ್ನು ನೋಡುವವರು ಅದು ಅಗ್ಗದಲ್ಲಿ ದೊರೆತ ಸರಳತೆಯಲ್ಲವೆಂಬುದನ್ನು ಮರೆಯಬಾರದು.

೧೯೪೦ರಲ್ಲಿ ಎರಡನೆಯ ಸಲ ನೆಲ ಕುಸಿಯಿತು. ಜರ್ಮನ್ ಸೇನೆ ಆ ವರ್ಷದ ಮೇ ತಿಂಗಳಲ್ಲಿ ನೆದರ್ಲೆಂಡ್ಸನ್ನು ಹೊಕ್ಕಿತು. ಅದಕ್ಕೆ ತುಸು ಮುಂಚೆ ಮಾರ್ಗರೀಟ್ ಅಮೆರಿಕಕ್ಕೆ ಹಡಗನ್ನೇರಿದ್ದಳು. ಫ್ರಾನ್ಸಿನಲ್ಲಿ ಹುಟ್ಟಿದವಳೆಂಬ ಕಾರಣದಿಂದ ಆಕೆಗೆ ಪ್ರವೇಶದ ಅನುಮತಿ ದೊರೆಯಿತು. ಜರ್ಮನಿಯಲ್ಲಿ ಹುಟ್ಟಿದ ಫ್ರಾನ್ಜನಿಗೆ ದೊರೆಯಲಿಲ್ಲ. ಹುಟ್ಟಿದ ಊರು ಹೆಂಡತಿಯನ್ನು ಉಳಿಸಿತು, ಗಂಡನನ್ನು ಹಿಂದೆ ಬಿಟ್ಟಿತು. ಮುಂದೆ ಆತನನ್ನು ಬಲವಂತವಾಗಿ ಜರ್ಮನ್ ಸೇನೆಗೆ ಸೇರಿಸಿಕೊಂಡರು. ಏಳು ವರ್ಷ ಅವರು ಒಬ್ಬರನ್ನೊಬ್ಬರು ಕಾಣಲಿಲ್ಲ.

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಕಲಾಶಾಲೆಯಲ್ಲಿ ಎರಡು ವರ್ಷ ಕಲಿಸಿದ ಮೇಲೆ, ೧೯೪೨ರಲ್ಲಿ ಮಾರ್ಗರೀಟ್ ಗರ್ನ್‌ವಿಲ್ ಎಂಬ ಊರಿನ ಮೇಲಣ ಬೆಟ್ಟಕ್ಕೆ ಹೋಗಿ ನೆಲೆಸಿದಳು. ಗೋರ್ಡನ್ ಹೆರ್ ಮತ್ತು ಜೇನ್ ಹೆರ್ ಎಂಬ ದಂಪತಿಗಳು ಅಲ್ಲಿ ಕೊಳದ ಹೊಲ ಎಂಬ ಅರ್ಥದ ಪಾಂಡ್ ಫಾರ್ಮಿನಲ್ಲಿ ಕಲಾವಿದರ ಆಶ್ರಮವೊಂದನ್ನು ಕಟ್ಟುವ ಕನಸನ್ನು ಕಂಡು ಆಕೆಯನ್ನು ಕರೆದಿದ್ದರು. ಸುತ್ತ ಮುಗಿಲು ಮುಟ್ಟುವ ರೆಡ್‌ವುಡ್ ಮರಗಳ ಕಾಡು. ಅಲ್ಲಿದ್ದ ಹಳೆಯ ಕಣಜದ ಮನೆಯೇ ಕುಂಬಾರಶಾಲೆಯಾಯಿತು. ನಲವತ್ತಾರರ ವಯಸ್ಸಿನಲ್ಲಿ ಆಕೆ ಮೂರನೆಯ ಸಲ ಮೊದಲಿನಿಂದ ಆರಂಭಿಸಿದಳು.

೧೯೪೭ರಲ್ಲಿ ಫ್ರಾನ್ಜ್ ಬಂದು ಸೇರಿಕೊಂಡ. ನೇಯ್ಗೆಯವರು, ಲೋಹದ ಕೆಲಸದವರು ಕೂಡಿಕೊಂಡು ೧೯೪೯ರಲ್ಲಿ ಆಶ್ರಮ ಶಾಲೆಯಾಗಿ ತೆರೆಯಿತು. ಆದರೆ ಕನಸು ಬಹುಕಾಲ ಬಾಳಲಿಲ್ಲ. ಯುದ್ಧ ಅಗಲಿಸಿದ ಗಂಡಹೆಂಡಿರನ್ನು ಶಾಂತಿ ಕೂಡಿಸಲಾರದೆ ಹೋಯಿತು. ೧೯೫೦ರಲ್ಲಿ ಫ್ರಾನ್ಜ್ ದೂರದ ರಾಚೆಸ್ಟರಿಗೆ ಅಧ್ಯಾಪಕನಾಗಿ ಹೊರಟುಹೋದ. ೧೯೫೨ರಲ್ಲಿ ಜೇನ್ ಹೆರ್ ತೀರಿಕೊಂಡಳು. ಕಲಾವಿದರಲ್ಲಿ ಮನಸ್ತಾಪಗಳು ಬೆಳೆದು ಒಬ್ಬೊಬ್ಬರಾಗಿ ಬೆಟ್ಟವಿಳಿದರು. ಮಾರ್ಗರೀಟ್ ಮಾತ್ರ ಅಲ್ಲಿಯೇ ಉಳಿದಳು. ಮುಂದಿನ ಮೂವತ್ತು ವರ್ಷ ಆ ಬೆಟ್ಟ ಆಕೆಯೊಬ್ಬಳ ಗುರುಕುಲವಾಯಿತು.

ಆ ಗುರುಕುಲದ ಪದ್ಧತಿಯೇ ಆಕೆಯ ಬಾಳಿನ ಸಾರವೆಂದು ನನಗೆ ತೋರುತ್ತದೆ. ಪ್ರತಿ ಬೇಸಿಗೆಯಲ್ಲಿ ಸುಮಾರು ಇಪ್ಪತ್ತು ವಿದ್ಯಾರ್ಥಿಗಳು ಒಂಬತ್ತು ವಾರಗಳ ಮಟ್ಟಿಗೆ ಅಲ್ಲಿಗೆ ಬರುತ್ತಿದ್ದರು. ತಿಗರಿಗಳನ್ನು ಕಾಲಿನಿಂದ ಒದ್ದು ತಿರುಗಿಸಬೇಕು. ವಿದ್ಯುತ್ತಿನ ತಿಗರಿ ಅಲ್ಲಿಲ್ಲ. ಬೇರೆಡೆ ಪದವಿ ಪಡೆದು ಬಂದವನೂ ಮೊದಲ ದಿನ ಮಾಡಬೇಕಾದದ್ದು ನಾಯಿಗೆ ಅನ್ನವಿಡುವ ತಗ್ಗಾದ ಬಟ್ಟಲನ್ನು. ಅದು ಸರಿಯಾಗುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಬೇಕು. ಬಳಿಕ ಹೂಕುಂಡ, ಉರುಳೆ, ಹೂಜಿ ಎಂದು ಒಂದರಿಂದ ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮಾಡಿದ್ದನ್ನು ಆಕೆ ನೋಡಿ, ತಪ್ಪನ್ನು ತೋರಿಸಿ ಹೇಳಿದ ಮೇಲೆ, ಅದು ಮತ್ತೆ ಮಣ್ಣಿನ ತೊಟ್ಟಿಯನ್ನು ಸೇರುತ್ತಿತ್ತು. ಒಂಬತ್ತು ವಾರ ದುಡಿದವನು ಕೊನೆಯಲ್ಲಿ ಒಂದು ಕುಡಿಕೆಯನ್ನೂ ಒಯ್ಯದೆ ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದ.

ಇದು ಕ್ರೌರ್ಯವಲ್ಲವೆ ಎಂದು ವಾಚಕರು ಕೇಳಬಹುದು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ಎರಡು ಸಲ ಎಲ್ಲವನ್ನೂ ಬಿಟ್ಟು ಓಡಿದ ಒಬ್ಬಳು ಈ ನಿಯಮವನ್ನು ಮಾಡಿದಳೆಂಬುದನ್ನು ನೆನೆಯಬೇಕು. ಹಾಲೆಯ ಆವಿಗೆಯನ್ನು, ಪುಟೆನ್ನಿನ ತಿಗರಿಯನ್ನು, ತುಂಬಿದ ಹಲಗೆಗಳನ್ನು ಆಕೆ ಹೊತ್ತು ತರಲಾಗಲಿಲ್ಲ. ಗಡಿಯಲ್ಲಿ ಯಾರೂ ಕಸಿದುಕೊಳ್ಳಲಾರದ ವಸ್ತು ಒಂದೇ ಒಂದು ಆಕೆಯ ಬಳಿ ಇತ್ತು. ಅದು ಆಕೆಯ ಕೈಗಳೊಳಗಿನ ಅರಿವು. ಆ ಅರಿವನ್ನೇ ಆಕೆ ಮಕ್ಕಳಿಗೆ ಕೊಡಲು ಬಯಸಿದಳು. ಒಯ್ಯಲು ಮಡಕೆಯಿದ್ದರೆ ಅವರು ಮಡಕೆಯನ್ನೇ ವಿದ್ಯೆಯೆಂದು ಭ್ರಮಿಸಿಯಾರು ಎಂಬ ಅಂಜಿಕೆ ಆಕೆಗಿದ್ದಿರಬೇಕು. ತನ್ನ ಎರಡು ಮುಖ್ಯ ಗ್ರಂಥಗಳನ್ನು ಆಕೆ ೧೯೫೯ರಲ್ಲಿ ಮತ್ತು ೧೯೭೩ರಲ್ಲಿ ಪ್ರಕಟಿಸಿದಳು. ಎರಡನೆಯದರ ಹೆಸರು ಕಣ್ಣಿಗೆ ಕಾಣದ ತಿರುಳನ್ನು ಕುರಿತದ್ದು.

ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ವಾದವೂ ಆಕೆಯ ಬಾಳಿನಲ್ಲಿ ನಡೆಯಿತು. ಬರ್ನಾರ್ಡ್ ಲೀಚ್ ಇಂಗ್ಲೆಂಡಿನ ಪ್ರಸಿದ್ಧ ಕುಂಬಾರ. ಜಪಾನಿನಲ್ಲಿ ಕಲಿತು, ಪೂರ್ವದೇಶಗಳ ಪಾತ್ರೆಗಳನ್ನೇ ಆದರ್ಶವಾಗಿ ಎತ್ತಿಹಿಡಿದವನು. ೧೯೫೦ರಲ್ಲಿ ಅಮೆರಿಕವನ್ನು ಸುತ್ತಿದ ಆತ, ಅಲ್ಲಿಯ ಕುಂಬಾರರಿಗೆ ತಾಯಿಬೇರೇ ಇಲ್ಲವೆಂಬ ಅಭಿಪ್ರಾಯಕ್ಕೆ ಬಂದ. ೧೯೫೨ರಲ್ಲಿ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ನಡೆದ ಗೋಷ್ಠಿಗೆ ಲೀಚ್ ತನ್ನ ಜಪಾನೀ ಮಿತ್ರರಾದ ಹಮಾದ ಮತ್ತು ಯಾನಗಿಯರೊಡನೆ ಬಂದಾಗ ಮಾರ್ಗರೀಟಳೂ ಅಲ್ಲಿದ್ದಳು. ಮರುವರ್ಷ ಆಕೆ ಒಂದು ಕರಕುಶಲ ಪತ್ರಿಕೆಯಲ್ಲಿ ಲೀಚನಿಗೆ ಬಹಿರಂಗ ಪತ್ರವನ್ನು ಬರೆದಳು. ನಾನಾ ನಾಡುಗಳಿಂದ ಬಂದು ಕಲೆತ ಜನಕ್ಕೆ ಒಂದೇ ತಾಯಿಬೇರನ್ನು ಹುಡುಕುವುದು ಸಲ್ಲದು, ಇನ್ನೊಂದು ನಾಡಿನ ಹಳೆಯ ಪಾತ್ರೆಯನ್ನು ಅನುಕರಿಸಿದರೆ ಬೇರು ಬಂದಂತಾಗುವುದಿಲ್ಲ, ಪ್ರತಿಯೊಬ್ಬ ಕುಂಬಾರನೂ ತನ್ನ ಬಾಳಿನೊಳಗಿಂದಲೇ ರೂಪವನ್ನು ಪಡೆಯಬೇಕು ಎಂಬುದು ಆಕೆಯ ವಾದದ ಒಟ್ಟು ದಿಕ್ಕು.

ಲೀಚನ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಪರಂಪರೆಯಿಲ್ಲದ ಕೈ ಚಂಚಲವಾಗುತ್ತದೆ. ಕನ್ನಡವನ್ನು ಕಲಿಸುವ ನಾನು ಅದನ್ನು ದಿನವೂ ಕಾಣುತ್ತೇನೆ. ಮಾರ್ಗರೀಟಳಿಗೂ ಪರಂಪರೆಯಿತ್ತು. ಕ್ರೇಹಾನನ ಮನೆತನ ತಲೆಮಾರುಗಳಿಂದ ಕೂಡಿಟ್ಟ ವಿದ್ಯೆ ಆಕೆಯ ಬೆರಳುಗಳಲ್ಲಿ ಹರಿಯುತ್ತಿತ್ತು. ಆದರೆ ಆ ಪರಂಪರೆ ತುರಿಂಗಿಯಾದ ಮಣ್ಣಿನಲ್ಲಿ ಹೂತುಹೋಗಿರಲಿಲ್ಲ. ಆಕೆಯೊಡನೆ ಹಡಗನ್ನೇರಿ ಸಾಗರವನ್ನು ದಾಟಿತ್ತು. ಬೇರೆಂಬುದು ನೆಲಕ್ಕೆ ಕಚ್ಚಿಕೊಂಡದ್ದು ಮಾತ್ರವಲ್ಲ, ಗುರುವಿನಿಂದ ಶಿಷ್ಯನಿಗೆ ಇಳಿಯುವುದೂ ಬೇರೇ ಎಂದು ಆಕೆಯ ಬಾಳು ತೋರಿಸಿತು.

ವಿಧಿ ಆಕೆಯನ್ನು ಮೂರನೆಯ ಸಲವೂ ಪರೀಕ್ಷಿಸಿತು. ೧೯೬೦ರ ದಶಕದಲ್ಲಿ, ಇಲ್ಲಿ ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಬಿದ್ದ ಕಾಲದ ಆಸುಪಾಸಿನಲ್ಲಿಯೇ, ಕ್ಯಾಲಿಫೋರ್ನಿಯಾದ ಸರ್ಕಾರ ಸಾರ್ವಜನಿಕ ವನಕ್ಕಾಗಿ ಪಾಂಡ್ ಫಾರ್ಮಿನ ಭೂಮಿಯನ್ನು ವಶಪಡಿಸಿಕೊಂಡಿತು. ಈ ಸಲ ಆಕೆ ಹೊರಡಬೇಕಾಗಲಿಲ್ಲ. ಬದುಕಿರುವವರೆಗೆ ಅಲ್ಲಿಯೇ ಇರಲು ಆಕೆಗೆ ಅನುಮತಿ ದೊರೆಯಿತು. ೧೯೮೦ರವರೆಗೆ ಬೇಸಿಗೆಯ ಶಾಲೆಯನ್ನು ನಡೆಸಿ, ೧೯೮೫ರ ಫೆಬ್ರವರಿಯಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಆಕೆಯ ಮಣ್ಣಿನ ಮನೆ ಇಂದು ಆ ನಾಡಿನ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಸೇರಿದೆ. ಬರಿಗೈಯಲ್ಲಿ ಬೆಟ್ಟವಿಳಿದ ಶಿಷ್ಯರಲ್ಲಿ ಅನೇಕರು ಊರೂರುಗಳಲ್ಲಿ ತಮ್ಮ ತಿಗರಿಗಳನ್ನು ಹೂಡಿದರು.

ಪುಸ್ತಕವನ್ನು ಓದಿ ಮುಗಿಸಿದ ಮೇಲೆ ನಾನು ಒಂದು ಭಾನುವಾರ ಮುತ್ಯಾನ ಬ‌ಳಿಗೆ ಹೋಗಿ ಈ ಕಥೆಯನ್ನು ಹೇಳಿದೆ. ಅವರು ಎಲ್ಲವನ್ನೂ ಸಾವಕಾಶವಾಗಿ ಕೇಳಿದರು. ಅವರ ಮೊದಲ ಪ್ರಶ್ನೆ ಕಲೆಯನ್ನು ಕುರಿತದ್ದಾಗಿರಲಿಲ್ಲ. ಆ ಬಾಯಿಗೆ ಬೆಟ್ಟದ ಮೇಲೆ ಜಾಗ ಕೊಟ್ಟವರು ಯಾರು, ಉಣ್ಣಲು ಏನಿತ್ತು, ಕಲಿಯಲು ಬಂದವರು ಹಣ ಕೊಡುತ್ತಿದ್ದರೇ ಎಂದು ಕೇಳಿದರು. ನಾನು ನಾಚಿದೆ. ಕರೆದು ನೆಲೆ ಕೊಡುವ ಮಿತ್ರರು, ಕಲಿಯಲು ಬರುವ ಮಕ್ಕಳು, ಕೊಳ್ಳುವ ಗಿರಾಕಿಗಳು ಇಲ್ಲದೆ ಬರಿಯ ಕೈಯ ಅರಿವು ಯಾರನ್ನೂ ಉಳಿಸಲಾರದು. ಸ್ಟೀಲಿನ ಕೊಡವೂ ಪ್ಲಾಸ್ಟಿಕ್ಕಿನ ಬಿಂದಿಗೆಯೂ ಬಂದ ಮೇಲೆ ಮುತ್ಯಾನ ಹರವಿಗೆ ಗಿರಾಕಿ ಎಲ್ಲಿಯವನು? ಮಾರ್ಗರೀಟಳ ಬಾಳನ್ನು ಮುಂದಿಟ್ಟು ಅವರಿಗೆ ಉಪದೇಶ ಮಾಡುವ ಅಧಿಕಾರ ನನಗಿರಲಿಲ್ಲ.

ಆದರೆ ಶಿಷ್ಯರನ್ನು ಬರಿಗೈಯಲ್ಲಿ ಕಳುಹಿಸುತ್ತಿದ್ದ ಮಾತು ಬಂದಾಗ ಅವರು ನಕ್ಕರು. ತಮ್ಮ ಅಪ್ಪನೂ ಒಂದು ವರ್ಷ ತಾವು ಮಾಡಿದ ಮಗಿಗಳನ್ನೆಲ್ಲ ಅಂಗೈಯಿಂದ ಒತ್ತಿ ಮುದ್ದೆ ಮಾಡುತ್ತಿದ್ದನೆಂದೂ, ಅದಕ್ಕಾಗಿ ತಾವು ಅತ್ತದ್ದುಂಟೆಂದೂ ಹೇಳಿದರು. ಹಾಗೆ ಹೇಳುವಾಗ ಅವರ ಎರಡು ಕೈಗಳೂ ಗಾಳಿಯಲ್ಲಿ ಒಂದು ಮಗಿಯ ಸುತ್ತ ಕೂಡಿಕೊಂಡವು. ಮಣ್ಣು ಮುಳುಗಿತ್ತು, ಕೈ ಮುಳುಗಿರಲಿಲ್ಲ.

ನನ್ನ ಟಿಪ್ಪಣಿ ಪುಸ್ತಕದ ನೆನಪಾಯಿತು. ತಿಗರಿ, ಆವಿಗೆ, ಹರವಿ ಎಂದು ಪದಗಳನ್ನು ಬರೆದುಕೊಂಡು, ತುಂಬಿದ ಕೈಯಲ್ಲಿ ಅಂದು ಮನೆಗೆ ಮರಳಿದ್ದೆ. ಬಂದವರಿಗೆ ಮಡಕೆಗಳು ಸಿಕ್ಕವು, ವಿದ್ಯೆ ಅಲ್ಲಿಯೇ ಉಳಿಯಿತು. ಕಳೆದ ರಜೆಯಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ಪುಸ್ತಕವಿಲ್ಲದೆ ಮುತ್ಯಾನ ಮನೆಗೆ ಹೋದರು. ಹೊಸ ಊರಿನ ಮಣ್ಣಿಗೆ ತುಸು ಮರಳು ಬೆರೆಸಿದರೆ ಹೇಗೆಂದು ಮುತ್ಯಾ ನೋಡುತ್ತಿದ್ದಾರೆ. ಹುಡುಗರ ಮುದ್ದೆ ಇನ್ನೂ ತಿಗರಿಯ ನಡುವಿಗೆ ಬಂದಿಲ್ಲ.